ಹಳ್ಳದ ಗುಂಟ ಹಿಡ್ಲುಮನೆ ಜಲಪಾತಕ್ಕೆ: ಬಂಡೆ ಮತ್ತು ನೀರಿನ ದಾರಿಯಲ್ಲಿ ನಡೆಯುವವರಿಗೆ ಸಮಗ್ರ ಮಾರ್ಗದರ್ಶಿ

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಿಟ್ಟೂರು ಕಡೆಯಿಂದ ಕೊಡಚಾದ್ರಿಗೆ ಏರುವ ದಾರಿಗಳಲ್ಲಿ ಹಿಡ್ಲುಮನೆಯ ಹಳ್ಳದ ದಾರಿ ಉಳಿದವುಗಳಿಗಿಂತ ಬೇರೆಯದು. ಜೀಪಿನ ದಾರಿ ಬೆಟ್ಟವನ್ನು ಸುತ್ತಿ ಬಳಸಿ ಮೇಲೇರಿದರೆ, ಈ ದಾರಿ ತೋಟ ಗದ್ದೆಗಳನ್ನು ದಾಟಿದ ಮೇಲೆ ನೀರಿನ ಜೊತೆಯನ್ನೇ ಹಿಡಿಯುತ್ತದೆ. ಬಂಡೆಗಳ ನಡುವೆ ಹಳ್ಳವನ್ನು ಅತ್ತಿಂದಿತ್ತ ದಾಟಿಸುತ್ತಾ, ಒಂದರ ಮೇಲೊಂದು ಹಂತವಾಗಿ ಇಳಿಯುವ ಜಲಪಾತದ ಪಕ್ಕದಲ್ಲೇ ಬೇರು ಹಿಡಿದು ಹತ್ತಿಸುತ್ತಾ, ಕೊನೆಗೆ ಕಾಡು ಮುಗಿದು ಹುಲ್ಲುಗಾವಲು ತೆರೆದುಕೊಳ್ಳುವಲ್ಲಿಗೆ ತಂದು ಬಿಡುತ್ತದೆ. ಅಲ್ಲಿಂದಾಚೆಗೆ 1,343 ಮೀಟರ್ ಎತ್ತರದ ಕೊಡಚಾದ್ರಿಯ ನೆತ್ತಿ ಕಣ್ಣಿಗೆ ಬೀಳುತ್ತದೆ.

ದೂರವನ್ನಷ್ಟೇ ನೋಡಿದರೆ ಇದು ದೊಡ್ಡ ಚಾರಣವಲ್ಲ. ಆದರೆ ಬೆಟ್ಟ ಹತ್ತುವ ಅಭ್ಯಾಸ ಚೆನ್ನಾಗಿರುವವರೂ ಹಳ್ಳದ ದಾರಿಯಲ್ಲಿ ಎಡವುವುದನ್ನು ಕಾಣುತ್ತೇವೆ, ಏಕೆಂದರೆ ಇಲ್ಲಿ ಕಾಲಿನ ಬಲಕ್ಕಿಂತ ನೀರನ್ನು ಓದುವ ಕಣ್ಣು ಮುಖ್ಯ. ಯಾವ ದಿನ ಹೊರಡಬೇಕು, ಎಷ್ಟು ಹೊತ್ತಿಗೆ ತಿರುಗಬೇಕು, ಎಲ್ಲಿ ದಾಟಬೇಕು, ಎಲ್ಲಿ ದಾಟಲೇಬಾರದು ಎಂಬ ಎಲ್ಲ ತೀರ್ಮಾನಗಳನ್ನೂ ನೀರೇ ಮಾಡುತ್ತದೆ. ಈ ಬರಹ ಹಿಡ್ಲುಮನೆಯನ್ನು ಉದಾಹರಣೆಯಾಗಿಟ್ಟುಕೊಂಡಿದ್ದರೂ ಪಶ್ಚಿಮಘಟ್ಟದ ಯಾವ ಹಳ್ಳದ ಗುಂಟ ನಡೆಯುವವರಿಗೂ ಇದರ ಬಹುಪಾಲು ಅನ್ವಯವಾಗುತ್ತದೆ.

ಮೊದಲು ಅನುಮತಿ

ಕೊಡಚಾದ್ರಿಯ ಸುತ್ತಲಿನ ಕಾಡು ವನ್ಯಜೀವಿ ಧಾಮದ ಆಡಳಿತಕ್ಕೆ ಒಳಪಟ್ಟಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಧಾಮದೊಳಗೆ ಅನುಮತಿಯಿಲ್ಲದೆ ಕಾಲಿಡುವುದು ಅಪರಾಧ. 2024ರ ಜನವರಿಯ ಕೊನೆಯ ವಾರದಲ್ಲಿ ಕುಮಾರಪರ್ವತದ ಬುಡದಲ್ಲಿ ಚಾರಣಿಗರ ದಂಡೇ ಸೇರಿ ಗದ್ದಲವಾದ ಬಳಿಕ ರಾಜ್ಯ ಸರ್ಕಾರ ಚಾರಣಗಳಿಗೆ ತಡೆ ಹಾಕಿ, ಆ ವರ್ಷದ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಎಂಬ ಜಾಲತಾಣದ ಮೂಲಕ ಆನ್‌ಲೈನ್ ಬುಕಿಂಗ್ ವ್ಯವಸ್ಥೆಯನ್ನು ತಂದಿತು. ಯಾವ ದಾರಿ ತೆರೆದಿದೆ, ಯಾವುದು ಮುಚ್ಚಿದೆ ಎಂಬುದು ಮಳೆ, ಕಾಡ್ಗಿಚ್ಚು, ಕಾಯಿಲೆಗಳಿಗೆ ತಕ್ಕಂತೆ ಬದಲಾಗುತ್ತಲೇ ಇರುತ್ತದೆ. ಆದ್ದರಿಂದ ಹೋದ ವರ್ಷ ಯಾರೋ ಹೋಗಿ ಬಂದರು ಎಂಬ ಮಾತನ್ನು ನಂಬಿ ಹೊರಡದೆ, ಮೊದಲು ಆ ಜಾಲತಾಣ ನೋಡಿ, ಅಲ್ಲಿ ಈ ದಾರಿಯ ಹೆಸರು ಕಾಣದಿದ್ದರೆ ಸ್ಥಳೀಯ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಿ, ಅನುಮತಿ ಕೈಗೆ ಬಂದ ಮೇಲಷ್ಟೇ ಬಸ್ಸಿನ ಟಿಕೆಟ್ ಮಾಡಿ. ದಾರಿ ಮುಚ್ಚಿದೆ ಎಂದರೆ ಆ ಮಾತು ಅಲ್ಲಿಗೇ ಮುಗಿಯಬೇಕು. ಕಣ್ಣು ತಪ್ಪಿಸಿ ಒಳಗೆ ಹೋದವರು ಹಳ್ಳದಲ್ಲಿ ಸಿಕ್ಕಿಕೊಂಡರೆ ಅವರನ್ನು ಹೊತ್ತು ತರಬೇಕಾದವರು ಅದೇ ಊರಿನ ಜನ ಮತ್ತು ಅರಣ್ಯ ಸಿಬ್ಬಂದಿ.

ಊರಿನವರೊಬ್ಬರನ್ನು ಮಾರ್ಗದರ್ಶಿಯಾಗಿ ಕರೆದುಕೊಂಡು ಹೋಗುವುದನ್ನು ನಾನು ಐಚ್ಛಿಕ ಎಂದು ಹೇಳಲಾರೆ. ಮೊಬೈಲಿನ ನಕಾಶೆ ದಾರಿಯ ಗೆರೆಯನ್ನು ತೋರಿಸೀತು. ನಿನ್ನೆ ರಾತ್ರಿ ಮೇಲ್ಗಡೆ ಮಳೆ ಬಂದಿತ್ತೇ, ಹೋದ ಮಳೆಗಾಲದಲ್ಲಿ ಯಾವ ಮರ ಉರುಳಿ ದಾರಿ ಯಾವ ದಡಕ್ಕೆ ಸರಿದಿದೆ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಅವರ ದಿನದ ಸಂಭಾವನೆಯನ್ನು ಮೊದಲೇ ಮಾತಾಡಿ ಒಪ್ಪಿಕೊಳ್ಳಿ. ಅವರು ‘ಇವತ್ತು ಬ್ಯಾಡ’ ಎಂದರೆ ಚೌಕಾಶಿ ಮಾಡಬೇಡಿ.

ಯಾವ ತಿಂಗಳು

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಈ ದಾರಿ ಬೇಡ. ಇದೇ ತಾಲ್ಲೂಕಿನ ಹುಲಿಕಲ್ಲು ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಸುರಿಯುವ ಜಾಗಗಳಲ್ಲೊಂದು. ಇದೇ ಘಟ್ಟಸಾಲಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ.ಗೂ ಮಿಕ್ಕಿದ್ದು, ಅದರ ದೊಡ್ಡ ಪಾಲು ಈ ನಾಲ್ಕು ತಿಂಗಳುಗಳಲ್ಲೇ ಬಂದು ಹೋಗುತ್ತದೆ. ಆಗ ಬಂಡೆಗಳು ಕಾಣುವುದೇ ಇಲ್ಲ, ಅವುಗಳ ಮೇಲೆ ಹರಿಯುವ ಕೆಂಪು ನೀರು ಮಾತ್ರ ಕಾಣುತ್ತದೆ. 2023ರ ಜುಲೈನಲ್ಲಿ ಕೊಡಚಾದ್ರಿಯ ಮತ್ತೊಂದು ಮಗ್ಗುಲಿನ ಅರಿಶಿನಗುಂಡಿ ಜಲಪಾತದ ಅಂಚಿನ ಬಂಡೆಯ ಮೇಲೆ ನಿಂತಿದ್ದ ಯುವಕನೊಬ್ಬ ಕಾಲು ಜಾರಿ ನೀರುಪಾಲಾದ ದೃಶ್ಯವನ್ನು ನಾಡಿನ ಬಹಳ ಜನ ಮೊಬೈಲಿನಲ್ಲಿ ನೋಡಿದ್ದಾರೆ. ಅವನು ಓಡುತ್ತಿರಲಿಲ್ಲ, ಹಾರುತ್ತಿರಲಿಲ್ಲ. ಒದ್ದೆ ಬಂಡೆಯ ಮೇಲೆ ಸುಮ್ಮನೆ ನಿಂತಿದ್ದ.

ಅಕ್ಟೋಬರಿನಲ್ಲಿ ನೀರು ಸೊಗಸಾಗಿರುತ್ತದೆ, ಆದರೆ ಹಿಂಗಾರಿನ ಗುಡುಗು ಮಳೆ ಮಧ್ಯಾಹ್ನದ ಮೇಲೆ ಹೇಳದೆ ಕೇಳದೆ ಬರುತ್ತದೆ. ನವೆಂಬರ್ ನಡುವಿನಿಂದ ಡಿಸೆಂಬರ್ ಕೊನೆಯವರೆಗಿನ ಕಾಲ ನನ್ನ ಮಟ್ಟಿಗೆ ಅತ್ಯುತ್ತಮ: ಹಳ್ಳದಲ್ಲಿ ಜಲಪಾತಕ್ಕೆ ಸಾಕಾಗುವಷ್ಟು ನೀರಿರುತ್ತದೆ, ಬಂಡೆಗಳ ನೆತ್ತಿ ಒಣಗಿರುತ್ತದೆ, ಉಂಬಳದ (ಜಿಗಣೆಯ) ಕಾಟ ಇಳಿದಿರುತ್ತದೆ. ಜನವರಿ ಕಳೆದ ಮೇಲೆ ನಡಿಗೆ ಸುಲಭವಾಗುತ್ತಾ ಹೋದಂತೆ ನೀರು ಸೊರಗುತ್ತಾ ಹೋಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಒಣಹಳ್ಳವೆಂದು ನಿಶ್ಚಿಂತೆಯಿಂದ ಇರುವ ಹಾಗಿಲ್ಲ, ಮಳೆಗಾಲಕ್ಕೆ ಮುನ್ನಿನ ಗುಡುಗು ಮಳೆ ಒಂದೇ ಗಂಟೆಯಲ್ಲಿ ಹಳ್ಳವನ್ನು ತುಂಬಿಸಬಲ್ಲದು.

ಹೊರಡುವ ಮೊದಲಿನ ಮೂರು ದಿನ ಹವಾಮಾನ ಇಲಾಖೆಯ ಜಿಲ್ಲಾವಾರು ಮುನ್ಸೂಚನೆ ನೋಡಿ. ಹಳದಿ ಎಚ್ಚರಿಕೆ ಇದ್ದರೂ ದಿನವನ್ನು ಮುಂದೆ ಹಾಕುವುದು ಲೇಸು.

ಕಾಲಿಗೆ, ಬೆನ್ನಿಗೆ

ಪಾದರಕ್ಷೆಯ ವಿಷಯದಲ್ಲಿ ಜನ ಹೆಚ್ಚು ಹಣ ಕೊಟ್ಟು ಕಡಿಮೆ ಹಿಡಿತ ಪಡೆಯುವುದೇ ಹೆಚ್ಚು. ಮಣ್ಣಿನ ದಾರಿಗೆ ಮಾಡಿದ, ಗಟ್ಟಿ ಅಟ್ಟೆಯ, ಆಳವಾದ ಹಲ್ಲುಗಳಿರುವ ದಪ್ಪ ಬೂಟು ಒದ್ದೆ ಬಂಡೆಯ ಮೇಲೆ ಜಾರುತ್ತದೆ, ಏಕೆಂದರೆ ಗಟ್ಟಿ ರಬ್ಬರಿನ ಹಲ್ಲುಗಳ ತುದಿ ಮಾತ್ರ ಕಲ್ಲಿಗೆ ತಾಗಿರುತ್ತದೆ. ಉಗುರಿನಿಂದ ಒತ್ತಿದರೆ ಸ್ವಲ್ಪ ಒಳಗೆ ಹೋಗುವಷ್ಟು ಮೃದುವಾದ ರಬ್ಬರಿನ ಅಟ್ಟೆ, ಹಿಮ್ಮಡಿಯನ್ನು ಭದ್ರವಾಗಿ ಹಿಡಿಯುವ ಕಟ್ಟು, ಒಳಗೆ ಬಂದ ನೀರು ಹೊರಗೆ ಹೋಗುವಂತಹ ಬಟ್ಟೆಯ ಮೈ: ಈ ಮೂರು ಗುಣಗಳಿದ್ದರೆ ಸಾಧಾರಣ ಬೆಲೆಯ ಶೂ ಕೂಡ ಸಾಕು. ಚಪ್ಪಲಿ ಖಂಡಿತ ಬೇಡ. ಬರಿಗಾಲೂ ಬೇಡ, ನೀರಿನಡಿಯ ಕಲ್ಲಿನ ಸಂದಿಯಲ್ಲಿ ಬೆರಳು ಸಿಕ್ಕಿದರೆ ಉಗುರಷ್ಟೇ ಅಲ್ಲ, ಮೂಳೆಯೂ ಹೋಗುತ್ತದೆ. ಶೂ ಹೊಸದಾಗಿದ್ದರೆ ಮನೆಯಲ್ಲಿ ನೆನೆಸಿ ಒಂದೆರಡು ಬಾರಿ ನಡೆದು ನೋಡಿ. ಒಣಗಿದ್ದಾಗ ಹಿತವಾಗಿದ್ದ ಶೂ ನೆನೆದ ಮೇಲೆ ಬೊಬ್ಬೆ ಎಬ್ಬಿಸಬಹುದು. ಜೀನ್ಸ್ ನೆನೆದರೆ ಭಾರ, ಒಣಗುವುದು ನಿಧಾನ. ಬೇಗ ಒಣಗುವ ಉದ್ದ ಪ್ಯಾಂಟು ಮತ್ತು ತುಂಬುತೋಳಿನ ಅಂಗಿ ಸರಿ.

ಎದೆಯೆತ್ತರದ ಒಂದು ಗಟ್ಟಿ ಕೋಲನ್ನು ಮಾರ್ಗದರ್ಶಿಯಿಂದ ಮೊದಲೇ ಕೇಳಿ ಪಡೆಯಿರಿ, ಕಾಡಿನಲ್ಲಿ ಹಸಿ ಗಿಡ ಕಡಿಯಬೇಡಿ. ಚೀಲ ಚಿಕ್ಕದಾಗಿ, ಬೆನ್ನಿಗೆ ಅಂಟಿಕೊಂಡಿರುವಂತೆ ಇರಲಿ. ತಲಾ ಎರಡು ಲೀಟರ್ ನೀರು, ಕೈಯಲ್ಲೇ ತಿನ್ನಬಹುದಾದ ಬುತ್ತಿ, ಬೆಲ್ಲ ಅಥವಾ ಕಡಲೆ ಮಿಠಾಯಿ, ಓಆರ್‌ಎಸ್ ಪುಡಿ, ತಲೆಗೆ ಕಟ್ಟುವ ಟಾರ್ಚ್, ಸೀಟಿ, ಅಗಲವಾದ ಕ್ರೇಪ್ ಬ್ಯಾಂಡೇಜು, ಗಾಯಕ್ಕೆ ಹಚ್ಚುವ ಔಷಧಿ, ಒಂದು ಜೊತೆ ಒಣ ಬಟ್ಟೆ. ಮೊಬೈಲು ಮತ್ತು ಒಣ ಬಟ್ಟೆಯನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಬಿಗಿಯಾಗಿ ಕಟ್ಟಿ. ನಡಿಗೆಯ ಹೆಚ್ಚಿನ ಭಾಗದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲವೆಂದೇ ಎಣಿಸಿ, ಎಷ್ಟು ಹೊತ್ತಿಗೆ ವಾಪಸಾಗುತ್ತೀರಿ, ಬಾರದಿದ್ದರೆ ಯಾರಿಗೆ ಸುದ್ದಿ ಮುಟ್ಟಿಸಬೇಕು ಎಂಬುದನ್ನು ನಿಟ್ಟೂರಿನಲ್ಲೇ ಒಬ್ಬರಿಗೆ ಹೇಳಿ ಹೊರಡಿ.

ಹೊರಡುವ ಹೊತ್ತು, ತಿರುಗುವ ಹೊತ್ತು

ಶಿವಮೊಗ್ಗದಿಂದ ಹೊಸನಗರ, ನಗರ ಮಾರ್ಗವಾಗಿ ಕೊಲ್ಲೂರಿಗೆ ಹೋಗುವ ರಸ್ತೆಯಲ್ಲಿ ನಿಟ್ಟೂರು ಸಿಗುತ್ತದೆ. ಕರಾವಳಿಯಿಂದ ಬರುವವರು ಬೈಂದೂರಿನ ಮೂಕಾಂಬಿಕಾ ರೋಡ್ ನಿಲ್ದಾಣದಲ್ಲಿ ರೈಲಿಳಿದು ಕೊಲ್ಲೂರಿನ ಮೇಲೆ ಘಟ್ಟ ಹತ್ತಿ ಬರಬಹುದು. ಹಿಂದಿನ ದಿನವೇ ಬಂದು ಹತ್ತಿರದಲ್ಲಿ ಉಳಿದುಕೊಂಡರೆ ಬೆಳಗ್ಗೆ ಏಳರೊಳಗೆ ನಡಿಗೆ ಶುರುಮಾಡಲು ಆಗುತ್ತದೆ. ರಾತ್ರಿಯಿಡೀ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದು ನೇರ ಬಂಡೆ ಹತ್ತುವುದು ನನಗೆ ಸರಿಕಾಣುವುದಿಲ್ಲ. ನಿದ್ದೆಯಿಲ್ಲದ ಕಾಲು ಬಂಡೆಯ ಮೇಲೆ ಅಂದಾಜು ತಪ್ಪುತ್ತದೆ.

ಬಯಲಿನಲ್ಲಿ ಗಂಟೆಗೆ ನಾಲ್ಕು ಕಿಲೋಮೀಟರ್ ನಡೆಯುವವರು ಬಂಡೆಗಳಿರುವ ಹಳ್ಳದಲ್ಲಿ ಗಂಟೆಗೆ ಒಂದು ಕಿಲೋಮೀಟರ್ ಸಾಗಿದರೂ ಅದು ಒಳ್ಳೆಯ ವೇಗವೇ. ಗುಂಪಿನಲ್ಲಿ ಅತ್ಯಂತ ನಿಧಾನವಾಗಿ ನಡೆಯುವವರ ಲೆಕ್ಕದಲ್ಲಿ ಇಡೀ ದಿನವನ್ನು ಹೊಂದಿಸಿ, ಅವರನ್ನು ಕೊನೆಯಲ್ಲಿ ಬಿಡದೆ ಮಾರ್ಗದರ್ಶಿಯ ಹಿಂದೆಯೇ ನಡೆಸಿ. ಎಲ್ಲಿಗೇ ತಲುಪಿರಲಿ, ಮಧ್ಯಾಹ್ನ ಒಂದು ಗಂಟೆಗೆ ಹಿಂದಿರುಗಬೇಕು ಎಂಬ ಕಟ್ಟುಪಾಡನ್ನು ಹೊರಡುವಾಗಲೇ ಎಲ್ಲರಿಂದ ಒಪ್ಪಿಸಿಕೊಳ್ಳಿ. ನವೆಂಬರಿನಲ್ಲಿ ಸೂರ್ಯ ಮುಳುಗುವುದು ಆರರ ಸುಮಾರಿಗೆ ಆದರೂ ಕಣಿವೆಯ ತಳದಲ್ಲಿ, ದಟ್ಟ ಮರಗಳಡಿ, ಐದಕ್ಕೆಲ್ಲ ಬಂಡೆಯ ಮೇಲಿನ ಒದ್ದೆಗೂ ನೆರಳಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಬಂಡೆಯ ಮೈ ಓದುವುದು

ನಿಂತು ಒಂದು ಬಂಡೆಯನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿ. ನೆತ್ತಿಯ ಮೇಲೆ ಬೂದು ಬಣ್ಣದ, ಕೈಯಾಡಿಸಿದರೆ ತರಕಲು ಹತ್ತುವ ಒಣ ಭಾಗವಿರುತ್ತದೆ. ಅಲ್ಲಿ ಕಲ್ಲುಹೂವು ಚುಕ್ಕೆಚುಕ್ಕೆಯಾಗಿ ಹತ್ತಿರುತ್ತದೆ. ಕಾಲಿಡಲು ಅದು ಒಳ್ಳೆಯ ಜಾಗ. ಅದರ ಕೆಳಗೆ ದಟ್ಟ ಹಸಿರಿನ ಹಾವಸೆಯ ಪಟ್ಟಿ. ಒಣಗಿದ್ದರೆ ಮೆತ್ತೆಯ ಹಾಗೆ ಕಾಲನ್ನು ಹಿಡಿಯುತ್ತದೆ, ನೆನೆದಿದ್ದರೆ ಸಿಪ್ಪೆಯ ಹಾಗೆ ಕಲ್ಲಿನಿಂದ ಕಳಚಿ ನಿಮ್ಮನ್ನೂ ಕರೆದೊಯ್ಯುತ್ತದೆ. ಇನ್ನೂ ಕೆಳಗೆ, ನೀರಿಗೆ ತಾಗಿದಂತೆ, ಕಡುಕಪ್ಪಾಗಿ ಹೊಳೆಯುವ ಒಂದು ಗೇಣಿನ ಪಟ್ಟಿ ಇರುತ್ತದೆ. ಹಸಿರು ಕಾಣದ್ದರಿಂದ ಅದು ಬರಿಯ ಒದ್ದೆ ಕಲ್ಲೆಂದು ತೋರುತ್ತದೆ, ಆದರೆ ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಪಾಚಿಯ ಲೋಳೆ ಹರಡಿಕೊಂಡಿರುತ್ತದೆ. ಹಳ್ಳದಲ್ಲಿ ಜಾರುವವರಲ್ಲಿ ಹೆಚ್ಚಿನವರು ಜಾರುವುದು ಈ ಕಪ್ಪು ಪಟ್ಟಿಯ ಮೇಲೆ. ಬಂಡೆಯ ಇಳಿಜಾರಿನ ಕಪ್ಪಿನ ಮೇಲೆ ಹೆಜ್ಜೆಯಿಡುವುದಕ್ಕಿಂತ ಪಕ್ಕದ ಪಾದ ಮುಳುಗುವಷ್ಟು ನೀರಿನಲ್ಲಿ, ಜಲ್ಲಿಯ ಮೇಲೆ ಕಾಲಿಡುವುದು ಹೆಚ್ಚು ಕ್ಷೇಮ. ಶೂ ಒದ್ದೆಯಾಗಬಾರದೆಂದು ಬಂಡೆಯಿಂದ ಬಂಡೆಗೆ ಹಾರುವವರು ಕೊನೆಗೆ ಪೂರ್ತಿ ಒದ್ದೆಯಾಗಿಯೇ ಮನೆಗೆ ಹೋಗುತ್ತಾರೆ.

ಹೆಜ್ಜೆ ಚಿಕ್ಕದಿರಲಿ. ಮುಂದಿಟ್ಟ ಕಾಲಿನ ಮೇಲೆ ಪೂರ್ತಿ ಭಾರ ಬಿಡುವ ಮುನ್ನ ಸ್ವಲ್ಪ ಒತ್ತಿ ನೋಡಿ, ಕಲ್ಲು ಅಲುಗಾಡಿದರೆ ಹಿಂದಕ್ಕೆ ಬರಲು ಆಗಬೇಕು. ಬಂಡೆಯ ಅಂಚಿನಲ್ಲಿ ಅಲ್ಲ, ನಡುವಿನಲ್ಲಿ, ಅಂಗಾಲು ಪೂರ್ತಿ ಊರುವಂತೆ ನಿಲ್ಲಿ. ಹತ್ತುವಾಗ ಬೇರು ಹಿಡಿಯಬೇಕಾಗಿ ಬಂದರೆ ಜೀವಂತ ಮರದ ಬೇರೇ ಎಂದು ಖಚಿತಪಡಿಸಿಕೊಂಡು, ಕೈಯಿಡುವ ಮೊದಲು ಅದರ ಹಿಂದುಮುಂದನ್ನು ನೋಡಿ: ಮಂಡಲದ ಜಾತಿಯ ಹಾವುಗಳು ಹಳ್ಳದ ಬದಿಯ ಬಂಡೆ ಮತ್ತು ಕೊಂಬೆಗಳ ಮೇಲೆ ಅಲುಗಾಡದೆ ಗಂಟೆಗಟ್ಟಲೆ ಕುಳಿತಿರುತ್ತವೆ. ಒಬ್ಬರು ಕಡಿದಾದ ಜಾಗ ಹತ್ತುತ್ತಿರುವಾಗ ಅವರ ನೇರ ಕೆಳಗೆ ಇನ್ನೊಬ್ಬರು ನಿಲ್ಲಬಾರದು. ಇಳಿಯುವಾಗ ನಾಚಿಕೆ ಬಿಟ್ಟು ಕುಳಿತು ಸರಿಯಿರಿ. ಮುಖವನ್ನು ಬಂಡೆಯ ಕಡೆ ಮಾಡಿ ಇಳಿಯಬೇಕಾದ ಜಾಗಗಳೂ ಹಿಡ್ಲುಮನೆಯ ಮೇಲ್ಭಾಗದಲ್ಲಿವೆ.

ಹಗ್ಗದ ಬಗ್ಗೆ ಒಂದು ಮಾತು. ಕಟ್ಟುವ ವಿದ್ಯೆ ಬಲ್ಲವರಿಲ್ಲದೆ ಹಗ್ಗ ತರುವುದು ಅಪಾಯವನ್ನೇ ತಂದಂತೆ. ಹರಿವ ನೀರಿನಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ದಾಟುವವರು ಬಿದ್ದರೆ, ಹಗ್ಗ ಬಿಗಿದು ಪ್ರವಾಹವೇ ಅವರನ್ನು ನೀರಿನಡಿಗೆ ಅದುಮುತ್ತದೆ.

ಹಳ್ಳ ದಾಟುವುದು

ಈ ದಾರಿಯಲ್ಲಿ ಅತ್ಯಂತ ಎಚ್ಚರ ಬೇಡುವ ಕೆಲಸ ಇದೇ. ಹರಿವಿನ ವೇಗ ಎರಡು ಪಟ್ಟಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ನೀರು ಎಷ್ಟು ಆಳವಿದೆ ಎಂಬುದರ ಜೊತೆಗೆ ಎಷ್ಟು ಜೋರಿದೆ ಎಂಬುದನ್ನೂ ನೋಡಬೇಕು. ಒಂದು ಒಣ ಎಲೆಯನ್ನು ನೀರಿಗೆ ಬಿಟ್ಟು ಅದರ ಪಕ್ಕದಲ್ಲಿ ದಡದ ಮೇಲೆ ನಡೆದು ನೋಡಿ. ಎಲೆ ನಿಮ್ಮ ಬಿರುನಡಿಗೆಗಿಂತ ಮುಂದೆ ಓಡಿದರೆ, ಇಲ್ಲವೇ ನೀರು ಮೊಣಕಾಲಿಗಿಂತ ಮೇಲಿದ್ದರೆ, ಅಲ್ಲಿ ದಾಟಬೇಡಿ. ತಳ ಕಾಣದಷ್ಟು ಕದಡಿದ ನೀರನ್ನಂತೂ ದಾಟಲೇಬೇಡಿ.

ಹಳ್ಳ ಕಿರಿದಾದ ಜಾಗ ದಾಟಲು ಸುಲಭವೆಂದು ಕಣ್ಣು ಹೇಳುತ್ತದೆ. ಅದು ತಪ್ಪು. ಕಿರಿದಾದಲ್ಲಿ ಅಷ್ಟೇ ನೀರು ಇಕ್ಕಟ್ಟಿನಲ್ಲಿ ನುಗ್ಗಬೇಕಾದ್ದರಿಂದ ಆಳವೂ ವೇಗವೂ ಹೆಚ್ಚು. ಹಳ್ಳ ಅಗಲವಾಗಿ ಹರಡಿ, ಮೇಲ್ಮೈಯಲ್ಲಿ ಸಣ್ಣ ಅಲೆಗಳಾಗಿ ಮಿನುಗುತ್ತಾ, ಜಲ್ಲಿಕಲ್ಲಿನ ತಳದ ಮೇಲೆ ಸಾಗುವ ಜಾಗವನ್ನು ಹುಡುಕಿ. ದಾಟುವ ಮುನ್ನ ಕೆಳಗಡೆ ಏನಿದೆ ಎಂದು ನೋಡಿ ಬನ್ನಿ: ಜಾರಿದರೆ ಹೋಗಿ ಸೇರುವುದು ತಿಳಿನೀರಿನ ಗುಂಡಿಗಾದರೆ ಸರಿ, ಜಲಪಾತದ ಅಂಚಿಗೆ, ಅಡ್ಡ ಬಿದ್ದ ಮರದ ಕೊಂಬೆಗಳ ಸಿಕ್ಕಿಗೆ ಅಥವಾ ಬಂಡೆಗಳಡಿ ನೀರು ನುಸುಳುವ ಸಂದಿಗಾದರೆ ಬೇರೆ ಜಾಗ ನೋಡಿ, ಇಲ್ಲವೇ ತಿರುಗಿ.

ನೀರಿಗೆ ಇಳಿಯುವಾಗ ಚೀಲದ ಸೊಂಟದ ಪಟ್ಟಿಯನ್ನು, ಎದೆಯ ಪಟ್ಟಿಯನ್ನು ಬಿಚ್ಚಿ. ಬಿದ್ದರೆ ಚೀಲವನ್ನು ಕಳಚಿಕೊಳ್ಳಲು ಆಗಬೇಕು. ಮುಖ ನೀರು ಬರುವ ದಿಕ್ಕಿಗೆ, ಕೋಲು ನಿಮ್ಮ ಮುಂದೆ ತಳಕ್ಕೆ ಊರಿರಲಿ, ಕಾಲು ಎರಡು, ಕೋಲು ಒಂದು, ಈ ಮೂರರಲ್ಲಿ ಒಮ್ಮೆಗೆ ಒಂದನ್ನು ಮಾತ್ರ ಎತ್ತುತ್ತಾ, ತುಸು ಓರೆಯಾಗಿ ಆಚೆ ದಡದತ್ತ ಸರಿಯಿರಿ. ಕಾಲನ್ನು ಎತ್ತಿ ಇಡುವ ಬದಲು ತಳಕ್ಕೆ ತಾಗಿಸಿಕೊಂಡು ಜಾರಿಸಿ. ಹರಿಯುವ ನೀರನ್ನೇ ದಿಟ್ಟಿಸಿದರೆ ತಲೆ ಸುತ್ತುತ್ತದೆ, ಆಚೆ ದಡದ ಒಂದು ಮರವನ್ನು ನೋಡಿ. ಹೆದರಿದವರನ್ನು ನಡುವೆ ಬಿಟ್ಟು ಮೂವರು ಒಬ್ಬರ ಹೆಗಲನ್ನೊಬ್ಬರು ಹಿಡಿದು ದಾಟುವುದು ಒಬ್ಬೊಬ್ಬರೇ ದಾಟುವುದಕ್ಕಿಂತ ಗಟ್ಟಿ.

ಅಕಸ್ಮಾತ್ ಕೊಚ್ಚಿಕೊಂಡು ಹೋದರೆ ಜೋರು ಹರಿವಿನಲ್ಲಿ ಎದ್ದು ನಿಲ್ಲುವ ಪ್ರಯತ್ನ ಮಾಡಬೇಡಿ. ಪಾದ ಕಲ್ಲಿನ ಸಂದಿಗೆ ಸಿಕ್ಕಿಕೊಂಡರೆ ನೀರು ಮೈಯನ್ನು ಮುಂದಕ್ಕೆ ಮಗುಚಿ ಮುಳುಗಿಸುತ್ತದೆ. ಅಂಗಾತ ಮಲಗಿ, ಪಾದಗಳನ್ನು ಹರಿವಿನ ಮುಂದಕ್ಕೆ ಮಾಡಿ, ಕೈಗಳಿಂದ ದಡದ ಕಡೆ ತಳ್ಳಿಕೊಳ್ಳುತ್ತಾ ನೀರು ನಿಧಾನವಾಗುವಲ್ಲಿ ಹೊರಬನ್ನಿ.

ನೀರು ಏರುವ ಮುನ್ಸೂಚನೆ

ನಿಮ್ಮ ತಲೆಯ ಮೇಲೆ ಬಿಸಿಲಿರುವಾಗಲೇ ಕೊಡಚಾದ್ರಿಯ ನೆತ್ತಿಯಲ್ಲಿ ಮಳೆ ಸುರಿಯುತ್ತಿರಬಹುದು. ಅಲ್ಲಿಂದ ಬಂದ ನೀರು ಹಳ್ಳಕ್ಕೆ ಇಳಿಯಲು ಹೆಚ್ಚು ಹೊತ್ತು ಬೇಡ. ತಿಳಿಯಾಗಿದ್ದ ನೀರು ಚಹಾದ ಬಣ್ಣಕ್ಕೆ ತಿರುಗುವುದು, ಒಣ ಎಲೆ ಕಡ್ಡಿಗಳು ಇದ್ದಕ್ಕಿದ್ದಂತೆ ಗುಂಪಾಗಿ ತೇಲಿ ಬರುವುದು, ಮೇಲ್ಗಡೆಯಿಂದ ಬರುವ ಸದ್ದು ದಪ್ಪವಾಗುವುದು, ಹಸಿ ಮಣ್ಣಿನ ವಾಸನೆ, ಸ್ವಲ್ಪ ಹೊತ್ತಿನ ಹಿಂದೆ ಹೊರಗಿದ್ದ ಕಲ್ಲು ಮುಳುಗುವುದು, ಇವುಗಳಲ್ಲಿ ಒಂದೇ ಒಂದು ಕಂಡರೂ ಚೀಲ ಎತ್ತಿಕೊಳ್ಳಲು ನಿಲ್ಲದೆ ಹತ್ತಿರದ ದಡ ಹತ್ತಿ. ಊಟಕ್ಕೆ ಕುಳಿತಾಗ ನೀರಿನಂಚಿನ ಒಂದು ಕಲ್ಲನ್ನು ಗುರುತಿಟ್ಟುಕೊಂಡು ಆಗಾಗ ನೋಡುವುದು ಒಳ್ಳೆಯ ರೂಢಿ. ವಾಪಸಿನ ದಾರಿ ಆಚೆ ದಡದಲ್ಲಿದ್ದು ನೀರು ಏರಿಬಿಟ್ಟರೆ ಇದ್ದಲ್ಲೇ, ಎತ್ತರದಲ್ಲಿ, ಕಾಯಿರಿ. ಸಣ್ಣ ಹಳ್ಳಗಳು ಎಷ್ಟು ಬೇಗ ಏರುತ್ತವೆಯೋ ಮಳೆ ನಿಂತ ಮೇಲೆ ಕೆಲವು ಗಂಟೆಗಳಲ್ಲಿ ಹಾಗೆಯೇ ಇಳಿಯುತ್ತವೆ. ರಾತ್ರಿ ಅಲ್ಲೇ ಕಳೆಯಬೇಕಾಗಿ ಬಂದರೂ ಚೀಲದಲ್ಲಿರುವ ಒಣ ಬಟ್ಟೆ, ಬೆಲ್ಲ, ಟಾರ್ಚು ಅದಕ್ಕೇ ಇರುವಂಥವು.

ಜಲಪಾತದ ಬುಡದಲ್ಲಿ

ಬೀಳುವ ನೀರಿನ ನೇರ ಕೆಳಗೆ ನಿಲ್ಲುವ ಆಸೆ ಎಲ್ಲರಿಗೂ ಬರುತ್ತದೆ. ನೀರಿನ ಜೊತೆಗೆ ಕಲ್ಲೂ ಬೀಳುತ್ತದೆ ಎಂಬುದನ್ನು ನೆನಪಿಡಿ. ಬುಡದಲ್ಲಿ ಚೂಪು ಅಂಚಿನ ಹೊಸ ಕಲ್ಲುಗಳಿದ್ದರೆ ಅವು ಮೇಲಿನಿಂದ ಬಂದವೇ. ಗುಂಡಿಗೆ ಧುಮುಕಬೇಡಿ. ಈಜು ಬಲ್ಲವರೂ ನೀರು ಬೀಳುವ ಜಾಗದಿಂದ ದೂರವಿರಬೇಕು, ಏಕೆಂದರೆ ಅಲ್ಲಿ ನೀರು ಕೆಳಕ್ಕೆ ಹೋಗಿ ಮತ್ತೆ ಬುಡದತ್ತಲೇ ಸುತ್ತಿ ಬರುತ್ತದೆ, ನೊರೆ ತುಂಬಿದ ನೀರಿನಲ್ಲಿ ಮೈ ತೇಲುವುದೂ ಕಡಿಮೆ. ಜಲಪಾತದ ಮೇಲಂಚಿನಿಂದ ಕೆಳಗೆ ಬಗ್ಗಿ ನೋಡುವುದು, ಫೋಟೊ ತೆಗೆಯುವುದು ಬೇಡವೇ ಬೇಡ.

ಇಲ್ಲಿ ಸುಮ್ಮನೆ ಕುಳಿತವರಿಗೆ ಕಾಣಸಿಗುವ ಒಂದು ಜೀವದ ಬಗ್ಗೆ ಹೇಳಲೇಬೇಕು. ಸಿಂಪಡಿಕೆ ತಾಗುವ ಬಂಡೆಯ ಮೇಲೆ, ಹೆಬ್ಬೆರಳಿನಷ್ಟು ದೊಡ್ಡದೂ ಇಲ್ಲದ ಕಂದು ಕಪ್ಪೆಯೊಂದು ಕುಳಿತಲ್ಲೇ ಒಂದು ಹಿಂಗಾಲನ್ನು ಪಕ್ಕಕ್ಕೆ ಚಾಚಿ, ಬೆರಳುಗಳ ನಡುವಿನ ಬಿಳಿಯ ಪೊರೆಯನ್ನು ಬಿಡಿಸಿ ತೋರಿಸಿ, ಥಟ್ಟನೆ ಮಡಚಿಕೊಳ್ಳುತ್ತದೆ. ನೀರಿನ ಭೋರ್ಗರೆತದಲ್ಲಿ ಕೂಗು ಕೇಳಿಸದ ಕಾರಣ ಗಂಡು ಕಪ್ಪೆಗಳು ಹೀಗೆ ಕಾಲು ಬೀಸಿ ತಮ್ಮ ಜಾಗವನ್ನು ಸಾರುತ್ತವೆ. ಪಶ್ಚಿಮಘಟ್ಟದಲ್ಲಷ್ಟೇ ಇರುವ ಈ ಕುಣಿಯುವ ಕಪ್ಪೆಗಳ 14 ಹೊಸ ಪ್ರಭೇದಗಳನ್ನು 2014ರಲ್ಲಿ ವಿಜ್ಞಾನಿ ಎಸ್. ಡಿ. ಬಿಜು ಮತ್ತು ಸಂಗಡಿಗರು ಒಟ್ಟಿಗೆ ದಾಖಲಿಸಿದರು. ಮಳೆಗಾಲ ಕಳೆದು ಹರಿವು ಇಳಿದಾಗಲೇ ಇವುಗಳ ಸಂತಾನದ ಕಾಲ. ಹೆಣ್ಣು ಹಳ್ಳದ ತಳದ ಜಲ್ಲಿಯನ್ನು ಹಿಂಗಾಲಿನಿಂದ ಕೆದಕಿ ಮೊಟ್ಟೆಯಿಟ್ಟು ಮುಚ್ಚುತ್ತದೆ. ನಾವು ಹೋಗುವ ತಿಂಗಳುಗಳೂ ಅವೇ. ಆದ್ದರಿಂದ ದಾಟುವ ಜಾಗವೊಂದನ್ನು ಬಿಟ್ಟು ಆಳವಿಲ್ಲದ ಜಲ್ಲಿಯ ಮೇಲೆ ಸುಮ್ಮನೆ ಓಡಾಡಬೇಡಿ, ಕಲ್ಲುಗಳನ್ನು ಎತ್ತಿ ಗೋಪುರ ಕಟ್ಟಬೇಡಿ, ಸೋಪು ಶಾಂಪೂಗಳನ್ನು ನೀರಿಗೆ ಬಿಡಬೇಡಿ. ಈ ಹಳ್ಳದ ನೀರು ಕೆಳಗಿನ ಮನೆಗಳ ತೋಟಕ್ಕೂ ಕೊಡಪಾನಕ್ಕೂ ಹೋಗುತ್ತದೆ. ತಂದ ಪ್ಲಾಸ್ಟಿಕ್ಕೆಲ್ಲವೂ ನಿಮ್ಮ ಚೀಲದಲ್ಲೇ ವಾಪಸಾಗಬೇಕು.

ಉಂಬಳ, ಉಣುಗು, ಹಾವು

ಉಂಬಳದಿಂದ ಅಪಾಯವಿಲ್ಲ, ಕಿರಿಕಿರಿಯಷ್ಟೇ. ಹೊಗೆಸೊಪ್ಪು ಮತ್ತು ಸುಣ್ಣವನ್ನು ನೀರಿನಲ್ಲಿ ಕಲಸಿ ಕಾಲಿಗೆ ಹಚ್ಚಿಕೊಳ್ಳುವುದು ಮಲೆನಾಡಿನ ಹಳೆಯ ಉಪಾಯ, ಆದರೆ ಹಳ್ಳಕ್ಕೆ ಇಳಿದೊಡನೆ ಅದು ತೊಳೆದು ಹೋಗುತ್ತದೆ. ಕಚ್ಚಿದ್ದನ್ನು ಉಗುರಿನಿಂದ ಪಕ್ಕಕ್ಕೆ ಸರಿಸಿ ಬಿಡಿಸಿ, ಗಾಯವನ್ನು ಒತ್ತಿ ಹಿಡಿಯಿರಿ.

ಉಣುಗಿನ (ಉಣ್ಣೆಯ) ವಿಷಯ ಹಾಗಲ್ಲ. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಸೋಂಕಿರುವ ಉಣುಗಿನ ಕಡಿತದಿಂದ ಹರಡುವ ಈ ಜ್ವರ ಡಿಸೆಂಬರಿನಿಂದ ಮೇ ತಿಂಗಳವರೆಗೆ ಹೆಚ್ಚು. ಆ ಕಾಲದಲ್ಲಿ ಹೋಗುವವರು ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಉಣುಗನ್ನು ದೂರವಿಡುವ ಡೆಪಾ ಎಣ್ಣೆಯನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ಹಚ್ಚಿಕೊಂಡು, ತರಗೆಲೆಯ ರಾಶಿಯ ಮೇಲೆ ಕೂರದೆ ಬಂಡೆಯ ಮೇಲೆ ಕುಳಿತು ವಿಶ್ರಮಿಸಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಹಿಂದಿರುಗಿ ಆರೋಗ್ಯ ಇಲಾಖೆಗೆ ಅಥವಾ ಅರಣ್ಯ ಸಿಬ್ಬಂದಿಗೆ ತಿಳಿಸಿ.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಇವ್ಯಾವುದೂ ಬೇಡ. ಉಂಗುರ, ಗಡಿಯಾರ ತೆಗೆದು, ಕಚ್ಚಿದ ಕೈ ಅಥವಾ ಕಾಲನ್ನು ಕೋಲಿನ ಆಸರೆಯಲ್ಲಿ ಅಲುಗಾಡದಂತೆ ಮಾಡಿ, ಆ ವ್ಯಕ್ತಿಯನ್ನು ನಡೆಸದೆ ಹೊತ್ತು ತನ್ನಿ. ನೆಟ್‌ವರ್ಕ್ ಸಿಕ್ಕೊಡನೆ 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ.

ಹಿಂದಿರುಗಿದ ಮೇಲೆ

ಅದೇ ದಿನ ಬಿಸಿನೀರಿನಲ್ಲಿ ಸೋಪು ಹಾಕಿ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಮೊಣಕಾಲಿನ ಹಿಂಭಾಗ, ಕಿವಿಯ ಹಿಂದೆ, ಕೂದಲಿನ ಬುಡ ಇಷ್ಟನ್ನೂ ಉಣುಗಿಗಾಗಿ ಹುಡುಕಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ, ಹಿಸುಕಬೇಡಿ. ತೊಟ್ಟ ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಗಾಯಗಳಿದ್ದ ಕಾಲಿನಲ್ಲಿ ಹಳ್ಳದ ನೀರಿಗಿಳಿದವರಿಗೆ ಇಲಿ ಜ್ವರವೂ ಬರಬಹುದು. ಅದು ಕಾಣಿಸಿಕೊಳ್ಳಲು ಒಂದೆರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಹಿಡಿಯುತ್ತದೆ. ಮಂಗನ ಕಾಯಿಲೆಯ ಜ್ವರ ಸಾಮಾನ್ಯವಾಗಿ ಕಡಿತದ ನಂತರ ಮೂರರಿಂದ ಎಂಟು ದಿನಗಳಲ್ಲಿ ಶುರುವಾಗುತ್ತದೆ. ಮುಂದಿನ ನಾಲ್ಕು ವಾರಗಳಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಕಾಯದೆ ವೈದ್ಯರ ಬಳಿ ಹೋಗಿ, ಕೇಳದಿದ್ದರೂ ಮೊದಲ ಮಾತಿನಲ್ಲೇ ಕೊಡಚಾದ್ರಿಯ ಕಾಡಿನಲ್ಲಿ ಹಳ್ಳದ ನೀರಿನಲ್ಲಿ ನಡೆದಿದ್ದೆವೆಂದೂ ಅದು ಯಾವ ತಾರೀಕಿನಂದು ಎಂದೂ ಹೇಳಿ. ಬೆಂಗಳೂರಿನಂತಹ ಊರಿನಲ್ಲಿ ಕುಳಿತ ವೈದ್ಯರಿಗೆ, ಯಾವ ರಕ್ತ ಪರೀಕ್ಷೆ ಬರೆಯಬೇಕೆಂದು ತೀರ್ಮಾನಿಸಲು ಆ ಎರಡು ಸಂಗತಿಗಳೇ ಆಧಾರ.